ರಾಸ್ ಅಲ್ ಖೋರ್ ಫ್ಲೆಮಿಂಗೊ ನೋಡೋಕೆ ಅಪ್ಪ ಅಮ್ಮನ್ನ ಕರ್ಕೊಂಡು ಹೋಗ್ಬಹುದಾ?

ಮದ್ದೂರ್_ಹೈಕ್ಳು:

ನಮಸ್ಕಾರ ಎಲ್ರಿಗೂ, ದುಬೈ ಕಡೆ ಇರೋರು ಸ್ವಲ್ಪ ಹೇಳಿ. ಡಿಸೆಂಬರ್‌ನಲ್ಲಿ ಅಪ್ಪ ಅಮ್ಮ ಬರ್ತಾವ್ರೆ. ಹೋದ ಸಲ ಬಂದಾಗ ಬುರ್ಜ್ ಖಲೀಫಾ, ದುಬೈ ಮಾಲು, ಡೆಸರ್ಟ್ ಸಫಾರಿ, ಗ್ಲೋಬಲ್ ವಿಲೇಜು ಎಲ್ಲಾ ಮುಗಿಸಿದ್ವಿ, ಈ ಸಲ ಅಪ್ಪ ಟಿಕೆಟ್ ಮಾಡ್ಸೋಕೆ ಮುಂಚೆನೇ ಫೋನಲ್ಲಿ "ನೋಡಪ್ಪ ಆ ಮಾಲ್‌ಗೆ ಮಾತ್ರ ಕರ್ಕೊಂಡು ಹೋಗ್ಬೇಡ, ಎಷ್ಟು ಅಂತ ಅಂಗಡಿ ನೋಡೋದು" ಅಂತ ಕಂಡೀಷನ್ ಹಾಕ್ಬುಟ್ರು. ನಮ್ದು ಮದ್ದೂರು ಕಡೆ, ಕೊಕ್ಕರೆ ಬೆಳ್ಳೂರು ಹತ್ರ, ಅಪ್ಪ ಚಿಕ್ಕೋರಿದ್ದಾಗಿಂದ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ನೋಡ್ಕೊಂಡೇ ಬೆಳ್ದೋರು, ಹಕ್ಕಿ ಅಂದ್ರೆ ಗಂಟೆಗಟ್ಲೆ ನಿಂತ್ಕೋತಾರೆ.

ಆಫೀಸಲ್ಲಿ ಒಬ್ರು ರಾಸ್ ಅಲ್ ಖೋರ್‌ಗೆ ಕರ್ಕೊಂಡು ಹೋಗು, ನೂರಾರು ಫ್ಲೆಮಿಂಗೊ ಇರ್ತವೆ ಅಂದ್ರು. ರಿವ್ಯೂ ನೋಡಿದ್ರೆ ಅರ್ಧ ಜನ ಸ್ವರ್ಗ ಅಂತಾರೆ, ಇನ್ನರ್ಧ ಜನ "ಒಂದು ಶೆಡ್ ಇದೆ, ಹತ್ತು ನಿಮಿಷಕ್ಕೆ ಮುಗೀತು, ವೇಸ್ಟ್" ಅಂತಾರೆ. ಯಾವುದು ನಿಜ? ಅಮ್ಮಂಗೆ ಮಂಡಿ ನೋವು, ಜಾಸ್ತಿ ನಡೆಯೋಕಾಗಲ್ಲ. ನನ್ನತ್ರ ಕಾರಿಲ್ಲ, ಕರಾಮಾದಲ್ಲಿದೀನಿ. ಮತ್ತೆ ಅಲ್ಲಿ ನದಿ ಇದ್ಯಾ ಅಥವಾ ಸಮುದ್ರನಾ, ಮ್ಯಾಪಲ್ಲಿ ನೋಡಿದ್ರೆ ನದಿ ಥರ ಉದ್ದಕ್ಕೆ ನೀರು ಕಾಣುತ್ತೆ, ಅಪ್ಪ ಮೊದಲು ಅದನ್ನೇ ಕೇಳೋದು ಗ್ಯಾರಂಟಿ.

ದೇರಾ_ಮಾಣಿ:

ಎರಡೂ ರಿವ್ಯೂ ನಿಜ ಮಾರಾಯ್ರೆ. ಎಂತ ಅಂದ್ರೆ ಅದು ಪಾರ್ಕ್ ಅಲ್ಲ. ಬೋಟಿಂಗ್ ಇಲ್ಲ, ಸುತ್ತಾಡ್ಲಿಕ್ಕೆ ದಾರಿ ಇಲ್ಲ, ಕ್ಯಾಂಟೀನ್ ಇಲ್ಲ. ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿ ಸ್ವಲ್ಪ ನಡೆದ್ರೆ ಮರದ ಒಂದು ಮನೆ ಹಾಗಿನದ್ದು, ಹೈಡ್ ಅಂತಾರೆ, ಅದರೊಳಗೆ ಕಿಂಡಿ, ಕಿಂಡಿಯಿಂದ ನೋಡುವುದು, ಅಷ್ಟೇ. ರಂಗನತಿಟ್ಟಲ್ಲಿ ಬೋಟಿನವ ಮರದ ಬುಡಕ್ಕೇ ತಗೊಂಡು ಹೋಗ್ತಾನಲ್ಲ, ಹಾಗೆ ಅಂದ್ಕೊಂಡು ಬಂದವ್ರಿಗೆ ಹತ್ತು ನಿಮಿಷಕ್ಕೆ ಬೋರ್ ಆಗ್ತದೆ. ನಿಮ್ಮ ತಂದೆಯವರ ಹಾಗೆ ಒಂದು ಕಡೆ ನಿಂತು ನೋಡುವವ್ರಿಗೆ ಎರಡು ಗಂಟೆಯೂ ಸಾಕಾಗ್ಲಿಕ್ಕಿಲ್ಲ.

ನದಿಯಾ ಸಮುದ್ರವಾ ಅಂತ ಕೇಳಿದ್ರಲ್ಲ, ನದಿ ಅಲ್ಲ. ಈ ದೇಶದಲ್ಲಿ ವರ್ಷ ಇಡೀ ಹರಿಯುವ ನದಿಯೇ ಇಲ್ಲ, ಮಳೆ ಬಂದ್ರೆ ಮಾತ್ರ ಹರಿಯುವ, ವಾದಿ ಅಂತ ಹೇಳುವ ಹಳ್ಳಗಳು ಉಂಟು ಅಷ್ಟೇ. ದುಬೈ ಕ್ರೀಕ್ ಅಂದ್ರೆ ಸಮುದ್ರವೇ ಮರಳೊಳಗೆ ನುಗ್ಗಿ ಬಂದ ಉಪ್ಪು ನೀರಿನ ಖಾರಿ. ದೇರಾಕ್ಕೂ ಬರ್ ದುಬೈಗೂ ಮಧ್ಯ ಅಬ್ರಾ ಅಂತ ದಾಟಿಸುವ ದೋಣಿ ಓಡ್ತದಲ್ಲ, ಅದೇ ನೀರು, ಅದು ಒಳಗೆ ಹೋಗಿ ಹೋಗಿ ಅಗಲ ಆಗಿ ಆಳ ಕಮ್ಮಿ ಆಗುವ ತುದಿಯೇ ರಾಸ್ ಅಲ್ ಖೋರ್. ಮೊದಲು ಅಲ್ಲಿಗೇ ನೀರು ಕೊನೆ, ಈಗ ಬಿಸಿನೆಸ್ ಬೇ ಕಡೆಯಿಂದ ಕಾಲುವೆ ತೋಡಿ 2016ರಲ್ಲಿ ಜುಮೇರಾ ಹತ್ರ ಮತ್ತೆ ಸಮುದ್ರಕ್ಕೆ ಸೇರಿಸಿದ್ದಾರೆ. ಕ್ರೀಕಿನ ಬಾಯಿಯಲ್ಲಿ ಹೂಳು ತುಂಬಿ ದೋಣಿ ಬರ್ಲಿಕ್ಕೆ ಆಗ್ತಿರ್ಲಿಲ್ಲ, 1960ರ ಆಸುಪಾಸು ಶೇಖ್ ರಾಶಿದ್ ಕಾಲದಲ್ಲಿ ಹೂಳೆತ್ತಿಸಿದ ಮೇಲೆಯೇ ಈ ಊರಿನ ವ್ಯಾಪಾರ ಹಾರಿದ್ದು. ಆ ಕಡೆ ವ್ಯಾಪಾರಕ್ಕೆ ಆಳ ಬೇಕು, ಈ ಕಡೆ ಹಕ್ಕಿಗೆ ಆಳ ಇರ್ಬಾರ್ದು, ಒಂದೇ ನೀರಿನಲ್ಲಿ ಎರಡೂ ನಡೀತಾ ಉಂಟು ನೋಡಿ.

ಜಾಗ ದೊಡ್ಡದೇನಲ್ಲ, 6 ಚದರ ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ, ಸುತ್ತ ಹೈವೇ. 2007ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು, ಯುಎಇಯಲ್ಲಿ ಅದೇ ಮೊದಲನೆಯದ್ದು. ಚಳಿಗಾಲದಲ್ಲಿ ಹೋದ್ರೆ ಫ್ಲೆಮಿಂಗೊ ಕಾಣದೆ ವಾಪಸ್ ಬರುವ ಪ್ರಶ್ನೆಯೇ ಇಲ್ಲ.

ಕಾರಿಲ್ಲದಿದ್ರೆ ಮೆಟ್ರೋದ ಗ್ರೀನ್ ಲೈನ್ ಹಿಡಿದು ಕೊನೆಯ ಕ್ರೀಕ್ ಸ್ಟೇಷನ್‌ವರೆಗೆ ಹೋಗಿ ಟ್ಯಾಕ್ಸಿ ಮಾಡ್ಬಹುದು, ಆದ್ರೆ ತಾಯಿಯವರ ಮಂಡಿ ನೋವು ಅಂದ್ರಿ, ಕರಾಮಾದಿಂದ ಸೀದಾ ಟ್ಯಾಕ್ಸಿಯೇ ಒಳ್ಳೇದು, ದೂರ ಏನಿಲ್ಲ. ಒಂದೇ ಮಾತು ನೆನಪಿಡಿ, ಟ್ಯಾಕ್ಸಿಯವನಿಗೆ ಬರೀ "ರಾಸ್ ಅಲ್ ಖೋರ್" ಅಂದ್ರೆ ಅವ ಸೀದಾ ಹಳೆ ಕಾರು ಮಾರುವ ಇಂಡಸ್ಟ್ರಿಯಲ್ ಏರಿಯಾಕ್ಕೆ ತಗೊಂಡು ಹೋಗ್ತಾನೆ! ಮ್ಯಾಪಲ್ಲಿ ಫ್ಲೆಮಿಂಗೊ ಹೈಡ್ ಅಂತ ಪಿನ್ ತೋರಿಸಿ.

ಹುಬ್ಳಿ_ಟು_ಶಾರ್ಜಾ:

ಏನಿಲ್ಲ ಬಿಡ್ರಿ ಸರ ಅಲ್ಲೆ. ಒಂದ್ ಕಡೆ ಹೈವೇದ ಗದ್ದಲ, ಇನ್ನೊಂದ್ ಕಡೆ ಬಿಲ್ಡಿಂಗು, ನಡುವ ಹಕ್ಕಿ. ಮ್ಯಾಲೆ ಆ ಹಕ್ಕಿಗೆ ಮುನ್ಸಿಪಾಲ್ಟಿಯವರು ದಿನಾ ತಿನ್ನಾಕ ಹಾಕ್ತಾರಂತ, ಹಂಗಂದ್ರ ಝೂ ಆತಲ್ರಿ ಅದು? ಅಪ್ಪಾರು ಹಕ್ಕಿ ತಿಳದವ್ರು ಅಂತೀರಿ, ಅಂಥವ್ರನ್ನ ಖೋರ್ ಕಲ್ಬಾಕ್ಕ ಕರ್ಕೊಂಡ ಹೋಗ್ರಿ. ಪೂರ್ವದ ಕಡಲು, ಒಮಾನ್ ಬಾರ್ಡರಿಗೆ ಹತ್ತಿದ ಊರು. ಶಾರ್ಜಾದಿಂದ ಮಲೀಹಾ ರೋಡ್ ಹಿಡದ್ರ ಮದಲ ಕೆಂಪ ಉಸುಕು, ಆಮ್ಯಾಲೆ ಹಜರ್ ಗುಡ್ಡ, ಸುರಂಗ ದಾಟಿ ಇಳದ್ರ ಒಮ್ಮೆಲೆ ಹಸರ. ಹಾದ್ಯಾಗ ನೋಡೂದ ಒಂದು ಮಜಾ ಐತಿ, ಒಂದೂವರಿ ತಾಸಿನ ಮ್ಯಾಲೆ ಹಿಡೀತೈತಿ ಅಷ್ಟ. ಅಲ್ಲಿ ಕಾಂಡ್ಲಾ ಗಿಡ, ಮ್ಯಾಂಗ್ರೋವ್ ಅಂತಾರಲ್ಲ, ಭಾಳ ಹಳೇವು, ನೆಟ್ಟಿದ್ದಲ್ಲ, ತಾನಾ ಬೆಳದಿದ್ದು. ಒಂದು ಜಾತಿ ಮಿಂಚುಳ್ಳಿ ಐತಿ, ಕಾಲರ್ಡ್ ಕಿಂಗ್‌ಫಿಷರ್ ಅಂತಾರ, ಅದರ ಕಲ್ಬಾ ಉಪಜಾತಿ ಈ ಕಡಲದಂಡಿ ಬಿಟ್ರ ಜಗತ್ತಿನ್ಯಾಗ ಬ್ಯಾರೆ ಕಡೆ ಸಿಗೂದ ಇಲ್ಲ ಅನ್ನೂಹಂಗ. ಜನರ ಓಡಾಟ ಜಾಸ್ತಿ ಆತಂತ ಕೆಲವು ವರ್ಷ ಪೂರಾ ಬಂದ್ ಮಾಡಿದ್ರು, ಈಗ ಸೆಂಟರ್ ಕಟ್ಟಿ ಟಿಕೆಟ್ ಇಟ್ಟು ಮತ್ತ ತಗದಾರ. ಕಟ್ಟೆ ಮಾಡಿದ ಹಾದಿ ಐತಿ, ಅಮ್ಮಾರಿಗೂ ಅನುಕೂಲ.

ಕುಮಟಾ_ಕಡಲು:

ಹುಬ್ಳಿ ಅಣ್ಣಾ, ಕಲ್ಬಾ ಚಂದ ಅನ್ನೋದ್ರಲ್ಲಿ ಎರಡು ಮಾತಿಲ್ಲ, ನಾನೂ ಹೋಗಿದೀನಿ. ಆದ್ರೆ ಝೂ ಅಂದಿದ್ದು ಒಪ್ಪಲ್ಲ.

ಆಹಾರ ಹಾಕೋದು ಹೌದು. ಆದ್ರೆ ಅದು ಫ್ಲೆಮಿಂಗೊಗೆ ಮಾತ್ರ, ಅದೂ ಮೇಲೋಗರದ ಥರ. ಮೇಲೆ ಬಲೆ ಇಲ್ಲ, ರೆಕ್ಕೆ ಕತ್ತರಿಸಿಲ್ಲ, ಹೋಗ್ಬೇಕು ಅನ್ಸಿದ್ರೆ ಎದ್ದು ಹೋಗ್ತವೆ, ಬೇಸಿಗೇಲಿ ಸಂಖ್ಯೆ ಎಷ್ಟು ಕಮ್ಮಿ ಆಗುತ್ತೆ ಅಂತ ಜುಲೈನಲ್ಲಿ ಹೋಗಿ ನೋಡಿದ್ರೆ ಗೊತ್ತಾಗುತ್ತೆ. ಮತ್ತೆ ಎಲ್ರೂ ಪಿಂಕ್ ಹಕ್ಕಿ ಪಿಂಕ್ ಹಕ್ಕಿ ಅಂತ ಹೋಗಿ ಕೆಸರಲ್ಲಿರೋದನ್ನ ನೋಡೋದೇ ಇಲ್ಲ. ಸೈಬೀರಿಯಾ, ಮಧ್ಯ ಏಷ್ಯಾ ಕಡೆಯಿಂದ ಆಫ್ರಿಕಾಕ್ಕೆ ಹೋಗಿಬರೋ ಸಣ್ಣಸಣ್ಣ ಕೆಸರುಹಕ್ಕಿಗಳು, ಅವುಗಳಿಗೆ ಯಾರು ಊಟ ಹಾಕ್ತಾರೆ? ಮೊಬೈಲ್‌ಗಿಂತ ಸ್ವಲ್ಪ ದೊಡ್ಡ ಹಕ್ಕಿ, ಸಾವಿರಾರು ಕಿಲೋಮೀಟರ್ ಹಾರಿ ಬಂದು ಈ ಹೈವೇ ಪಕ್ಕದ ಕೆಸರಿಗೆ ಇಳಿಯುತ್ತೆ ಅಂದ್ರೆ ಆ ಕೆಸರಲ್ಲಿ ಏನೋ ಇದೆ ಅಂತ ಅರ್ಥ. ಹುಳ, ಸಿಗಡಿ ಮರಿ, ಚಿಪ್ಪು. ನಮ್ಮ ಅಘನಾಶಿನಿ ಅಳಿವೇಲೂ ಇದೇ ಕಥೆ, ಅದೂ 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರ್ತು. ವ್ಯತ್ಯಾಸ ಏನಂದ್ರೆ ನಮ್ಮೂರಲ್ಲಿ ಇಳಿತ ಆದ ಕೂಡ್ಲೇ ಹೆಂಗಸ್ರು ಗಂಡಸ್ರು ಎಲ್ಲಾ ಕೆಸರಿಗಿಳಿದು ಬಳಚು ಚಿಪ್ಪು ತೆಗೀತಾರೆ, ಪಕ್ಕದಲ್ಲೇ ಬಕ ನಿಂತಿರುತ್ತೆ. ಇಲ್ಲಿ ಒಬ್ಬ ಮನುಷ್ಯನೂ ಇಳಿಯಂಗಿಲ್ಲ, ಕಿಂಡಿಯಿಂದ ನೋಡ್ಬೇಕು ಅಷ್ಟೇ. ಯಾವುದು ಸರಿ ಅಂತ ನಾನು ಹೇಳಲ್ಲ, ಆದ್ರೆ ಊರು ಈ ಥರ ನುಗ್ಗಿ ಬಂದಿರೋ ಜಾಗದಲ್ಲಿ ಬೇಲಿ ಹಾಕ್ದೆ ಇದ್ದಿದ್ರೆ ಇಷ್ಟೊತ್ತಿಗೆ ಅಲ್ಲೂ ಒಂದು ಟವರ್ ಎದ್ದಿರ್ತಿತ್ತು.

ಕಾಂಡ್ಲಾ ವಿಷಯ ಅಣ್ಣ ಹೇಳಿದ್ದು ಸರಿ, ರಾಸ್ ಅಲ್ ಖೋರ್‌ನಲ್ಲಿರೋದು 1990ರ ದಶಕದಲ್ಲಿ ನೆಟ್ಟಿದ್ದು. ಬೂದು ಕಾಂಡ್ಲಾ, ಅವಿಸೆನ್ನಿಯಾ ಮರೀನಾ, ನಮ್ಮ ಕರಾವಳೀಲೂ ಇದೆ. ಬೇರು ಕೆಸರಿಂದ ಮೇಲಕ್ಕೆ ಅಗರಬತ್ತಿ ಚುಚ್ಚಿಟ್ಟ ಹಾಗೆ ಸಾಲಾಗಿ ನಿಂತಿರುತ್ತೆ, ಕೆಸರಲ್ಲಿ ಗಾಳಿ ಇಲ್ವಲ್ಲ, ಉಸಿರಾಡೋದು ಅದರಿಂದ. ಎಲೆ ಮೇಲೆ ಬೆರಳಾಡಿಸಿದ್ರೆ ಪುಡಿ ಸಿಗುತ್ತೆ, ನಾಲಿಗೆಗೆ ಇಟ್ಟು ನೋಡಿ, ಉಪ್ಪು. ಬೇರು ಸ್ವಲ್ಪ ಉಪ್ಪನ್ನ ತಡೆಯುತ್ತೆ, ಒಳಗೆ ಬಂದಿದ್ದನ್ನ ಎಲೆ ಹೊರಗೆ ತಳ್ಳುತ್ತೆ. ಆದ್ರೆ ಇದನ್ನೆಲ್ಲ ಮುಟ್ಟಿ ನೋಡೋಕೆ ರಾಸ್ ಅಲ್ ಖೋರ್‌ನಲ್ಲಿ ಆಗಲ್ಲ, ಅದಕ್ಕೆ ಕಲ್ಬಾ ಅಥವಾ ಅಬುಧಾಬೀನೇ ಸರಿ.

ಲೆನ್ಸ್_ರಂಗ:

ಫೋಟೋ ತೆಗೆಯೋರಿದ್ರೆ ಮೊಬೈಲಲ್ಲಿ ಏನೂ ಬರಲ್ಲ, ಪಿಂಕ್ ಚುಕ್ಕಿ ಬರುತ್ತೆ. 400 ಎಂಎಂ ಲೆನ್ಸ್ ಆದ್ರೂ ಬೇಕು. ಡ್ರೋನ್ ಯೋಚ್ನೆ ಇದ್ರೆ ಈಗ್ಲೇ ಬಿಟ್ಬಿಡಿ, ಪರ್ಮಿಟ್ ಇಲ್ದೆ ಹಾರಿಸಿದ್ರೆ ಇಲ್ಲಿ ಸಿಗಾಕೊಂಡ್ರೆ ಕಥೆ ಮುಗೀತು. ಅಪ್ಪಂಗೆ ಫೋಟೋಗಿಂತ ಒಂದು ಒಳ್ಳೆ ಬೈನಾಕ್ಯುಲರ್ ತಗೊಂಡು ಕೊಡಿ, 8x42, ಊರಿಗೆ ತಗೊಂಡು ಹೋಗಿ ಕೊಕ್ಕರೆ ಬೆಳ್ಳೂರಲ್ಲೂ ಯೂಸ್ ಆಗುತ್ತೆ. ಎದುರಿಗೆ ಬಿಸಿಲಿರೋ ಟೈಮಲ್ಲಿ ಹೋಗ್ಬೇಡಿ, ಪಿಂಕೂ ಕಾಣಲ್ಲ ಏನೂ ಕಾಣಲ್ಲ, ಎಲ್ಲಾ ಕಪ್ಪು ಕಡ್ಡಿ. ಮಧ್ಯಾಹ್ನವಂತೂ ಬೇಡವೇ ಬೇಡ, ಡಿಸೆಂಬರ್ ಆದ್ರೂ ಬಿಸಿ ಗಾಳಿ ಅಲೆ ಅಲೆಯಾಗಿ ಎದ್ದು ಲೆನ್ಸಲ್ಲಿ ಹಕ್ಕಿ ನೀರಲ್ಲಿ ಕರಗ್ದಂಗೆ ಕಾಣುತ್ತೆ.

ಮದ್ದೂರ್_ಹೈಕ್ಳು:

ತುಂಬಾ ಥ್ಯಾಂಕ್ಸ್ ಎಲ್ರಿಗೂ, ಇಷ್ಟು ಉತ್ತರ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಆ ಇಂಡಸ್ಟ್ರಿಯಲ್ ಏರಿಯಾ ವಿಷಯ ಹೇಳಿದ್ದು ಒಳ್ಳೇದಾಯ್ತು ಭಟ್ರೆ, ನಾನು ಬರೀ ರಾಸ್ ಅಲ್ ಖೋರ್ ಅಂತಾನೇ ಹೇಳ್ತಿದ್ದೆ.

ಊಟ ಹಾಕೋ ವಿಷಯಕ್ಕೆ ಒಂದು ಮಾತು, ನಮ್ಮ ಕಡೇನೂ ಹಕ್ಕಿ ತಾನಾಗೇ ಉಳ್ಕೊಂಡಿಲ್ಲ ಹುಬ್ಳಿ ಅಣ್ಣ. ಕೊಕ್ಕರೆ ಬೆಳ್ಳೂರಲ್ಲಿ ಊರೊಳಗಿನ ಹುಣಸೆ ಮರದ ಮೇಲೇ ಗೂಡು ಕಟ್ತವೆ, ಹಿಕ್ಕೆ ಬಿದ್ದು ಹುಣಸೆ ಬೆಳೆ ಹಾಳಾಗುತ್ತೆ, ಅದಕ್ಕೆ ಮರದ ಯಜಮಾನ್ರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಅಂತ ದುಡ್ಡು ಕೊಡ್ತಾರೆ. ಅದು ಲೇಟಾದ್ರೆ ಜನ ಬೈಕೊಂಡು ಓಡಾಡ್ತಾರೆ, ಆದ್ರೂ ಕೊಕ್ಕರೆ ಓಡ್ಸಲ್ಲ. ಮನುಷ್ಯರ ಕೈ ಇಲ್ದೆ ಎಲ್ಲಿ ಏನು ಉಳ್ದಿದೆ ಹೇಳಿ.

ಇನ್ನೆರಡು ಡೌಟು. ಒಂದು, ಯಾವ ಟೈಮ್‌ಗೆ ಹೋದ್ರೆ ಹತ್ರ ಕಾಣ್ತವೆ? ಎರಡು, ಅಪ್ಪ ಖಂಡಿತ ಕೇಳ್ತಾರೆ, ಇಲ್ಲಿ ಮರಿ ಮಾಡ್ತವಾ ಅಂತ.

ಅಬುಧಾಬಿ_ಅಕ್ಕ:

ಮರಿ ನೋಡೋ ಆಸೆ ಇದ್ರೆ ರಾಸ್ ಅಲ್ ಖೋರ್ ನೆಚ್ಕೋಬೇಡಿ. ಈ ದೇಶದಲ್ಲಿ ಫ್ಲೆಮಿಂಗೊ ಮರಿ ಅಂದ್ರೆ ನಮ್ಮ ಅಬುಧಾಬಿ ಹತ್ರದ ಅಲ್ ವತ್ಬಾ. 1998ರಲ್ಲಿ ಅಲ್ಲಿ ಮರಿ ಆದ ಮೇಲೇನೇ ಅದನ್ನ ಸಂರಕ್ಷಿತ ಜಾಗ ಅಂತ ಮಾಡಿದ್ದು. ಅದು ಸಮುದ್ರ ತೀರ ಅಲ್ಲ, ಮರಳುಗಾಡಿನ ಮಧ್ಯದ ಕೆರೆ. ಸೀಸನ್‌ನಲ್ಲಿ ಮಾತ್ರ, ಅದೂ ವಾರದಲ್ಲಿ ಎಲ್ಲಾ ದಿನ ಬಿಡಲ್ಲ, ನೋಡ್ಕೊಂಡು ಹೋಗಿ. ಆದ್ರೆ ನಿಮ್ಮ ಅಮ್ಮಂಗೆ ಬೇಡ, ಅಲ್ಲಿ ನಡಿಯೋದಿದೆ, ನೆರಳಿಲ್ಲ. ನಮ್ಮತ್ತೆಯವರನ್ನ ಕರ್ಕೊಂಡು ಹೋಗಿ ವಾಪಸ್ ಬರೋ ಹೊತ್ತಿಗೆ ಅವರ ಮುಖ ನೋಡೋಕಾಗ್ಲಿಲ್ಲ, ಎರಡು ದಿನ ನನ್ನ ಜೊತೆ ಮಾತೇ ಕಮ್ಮಿ.

ಬದಲಿಗೆ ಜುಬೈಲ್ ಐಲ್ಯಾಂಡ್ ಮ್ಯಾಂಗ್ರೋವ್ ಪಾರ್ಕ್‌ಗೆ ಬನ್ನಿ. ಕಾಂಡ್ಲಾ ಮಧ್ಯೆ ಮರದ ಹಲಗೆ ಹಾದಿ, ಸಮತಟ್ಟು, ಚಿಕ್ಕ ಸುತ್ತು ದೊಡ್ಡ ಸುತ್ತು ಎರಡೂ ಇದೆ, ಅಮ್ಮ ಚಿಕ್ಕದ್ರಲ್ಲೇ ವಾಪಸ್ ಬರಬಹುದು. ಟಿಕೆಟ್ ಇದೆ. ನೀರು ಏರಿದಾಗ ಕಾಲ ಕೆಳಗೇ ಮೀನು, ಇಳಿದಾಗ ಏಡಿ. ಬಗ್ಗಿ ನೋಡಿದ್ರೆ ಆ ಏಡಿಗಳು ಕೆಸರನ್ನ ಕಡ್ಲೆಕಾಳಿನಷ್ಟು ಉಂಡೆ ಉಂಡೆ ಮಾಡಿ ಬಿಲದ ಸುತ್ತ ಚೆಲ್ಲಿರ್ತವೆ, ನನ್ನ ಮಗ ಅದನ್ನ ಎಣಿಸ್ತಾ ಕೂತ್ರೆ ಏಳ್ಸೋಕಾಗಲ್ಲ.

ದೇರಾ_ಮಾಣಿ:

ಟೈಮಿನ ಬಗ್ಗೆ ಹೇಳ್ತೇನೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡ್ಲೇ ಹೋಗಿ, ಇಲ್ಲಾಂದ್ರೆ ಸಂಜೆ ಮುಚ್ಚುವ ಎರಡು ಗಂಟೆ ಮೊದ್ಲು. ಆಹಾರ ಹಾಕುವ ಹೊತ್ತಿಗೆ ಹೈಡಿನ ಹತ್ರವೇ ಬರ್ತಾವೆ. ಕೆಸರುಹಕ್ಕಿಗಳಿಗೆ ಮಾತ್ರ ಭರತ ಇಳಿತ ನೋಡ್ಬೇಕು, ಪೂರಾ ಇಳಿತ ಆದಾಗ ಎಲ್ಲಾ ದೂರ ದೂರ ಚದುರಿ ಹೋಗಿರ್ತಾವೆ, ನೀರು ಏರ್ಲಿಕ್ಕೆ ಶುರು ಆದ ಮೇಲೆ ಕೆಸರು ಸಣ್ಣ ಆಗ್ತಾ ಬಂದು ಎಲ್ಲಾ ಒಟ್ಟಿಗೆ ಈ ಕಡೆ ಸರೀತಾವೆ. ಅಲ್ಲಿಗೆ ನೀರು ತಲುಪ್ಲಿಕ್ಕೆ ಕ್ರೀಕಿನ ಬಾಯಿಗಿಂತ ತಡ ಆಗ್ತದೆ, ಟೈಡ್ ಆ್ಯಪ್‌ನ ಟೈಮನ್ನೇ ಗಟ್ಟಿ ಹಿಡಿಬೇಡಿ. ಶನಿವಾರ ಭಾನುವಾರ ಬಿಡಿ, ಟೂರಿಸ್ಟ್ ವ್ಯಾನ್ ಬಂದು ಹೈಡಿನಲ್ಲಿ ನಿಲ್ಲಿಕ್ಕೆ ಜಾಗ ಇರುವುದಿಲ್ಲ, ಮಕ್ಕಳ ಬೊಬ್ಬೆ ಬೇರೆ.

ತಂದೆಯವರಿಗೆ ಒಂದು ಹೇಳಿ, ಫ್ಲೆಮಿಂಗೊ ತಿನ್ನುವಾಗ ಕಾಲು ನೋಡ್ಲಿಕ್ಕೆ. ಎಲ್ರೂ ಕೊಕ್ಕು ನೋಡ್ತಾರೆ. ಕೊಕ್ಕು ತಲೆಕೆಳಗು ಮಾಡಿ ನೀರಿಗೆ ಹಾಕಿ, ನಾಲಿಗೆಯನ್ನು ಪಂಪಿನ ಹಾಗೆ ಆಡಿಸಿ ನೀರು ಒಳಗೆ ಎಳೆದು ಹೊರಗೆ ಬಿಟ್ಟು, ಕೊಕ್ಕಿನ ಅಂಚಲ್ಲಿ ಸಿಕ್ಕಿದ್ದನ್ನು ನುಂಗುವುದು, ಅದು ಸರಿ. ಆದ್ರೆ ಕೆಲವು ಏನ್ ಮಾಡ್ತಾವೆ ಅಂದ್ರೆ ಕೊಕ್ಕು ಒಂದೇ ಕಡೆ ಊರಿ ಕಾಲಲ್ಲಿ ಕೆಸರು ತುಳೀತಾ ತುಳೀತಾ ತನ್ನ ಸುತ್ತ ತಾನೇ ತಿರುಗ್ತಾವೆ, ಕೆಸರಲ್ಲಿದ್ದ ಹುಳ ಮೇಲೆ ಏಳ್ಲಿ ಅಂತ. ನೀರು ಇಳಿದ ಮೇಲೆ ಆ ಸುತ್ತಿನ ಗುರುತು ಕೆಸರಲ್ಲಿ ಬಳೆ ಬಳೆಯಾಗಿ ಉಳ್ದಿರ್ತದೆ. ಗುಂಪಲ್ಲಿ ಬೂದು ಬಣ್ಣದ್ದು ಕಂಡ್ರೆ ಬೇರೆ ಜಾತಿ ಅಂದ್ಕೋಬೇಡಿ, ಅವು ಎಳೆಯವು. ಪಿಂಕ್ ಬಣ್ಣ ಬರುವುದೇ ತಿನ್ನುವ ಪಾಚಿ, ಸಿಗಡಿಯಿಂದ, ಅದಕ್ಕೆ ವರ್ಷಗಟ್ಲೆ ಹಿಡೀತದೆ. ಆಕಾಶದಲ್ಲಿ ಎಲ್ಲಾ ಒಮ್ಮೆಲೇ ಎದ್ದು ಗಲಾಟೆ ಆಯ್ತು ಅಂದ್ರೆ ಮೇಲೆ ನೋಡಿ, ಹದ್ದು ಬಂದಿರ್ತದೆ. ಚಳಿಗಾಲದಲ್ಲಿ ಸ್ಪಾಟೆಡ್ ಈಗಲ್ ಬರ್ತದೆ, ಮೀನು ಹಿಡಿಯುವ ಆಸ್ಪ್ರೇ ಕಂಬದ ಮೇಲೆ ಕೂತಿರ್ತದೆ. ಮೆಟ್ಟುಗಾಲು ಹಕ್ಕಿಯೂ ಉಂಟು, ಅದನ್ನು ಅವರು ಊರ ಕೆರೆಯಲ್ಲೇ ನೋಡಿರ್ತಾರೆ.

ಮತ್ತೆ ನಾನು ಭಟ್ರಲ್ಲ ಮಾರಾಯ್ರೆ, ಬರೀ ಮಾಣಿ.

ಕುಮಟಾ_ಕಡಲು:

ಒಂದು ಸೇರಿಸ್ತೀನಿ. ನಾವು ಹೋದಾಗೆಲ್ಲ ಎಂಟ್ರಿ ಫ್ರೀ ಇತ್ತು, ಆದ್ರೆ ಜಾಗವನ್ನ ದೊಡ್ಡದಾಗಿ ಅಭಿವೃದ್ಧಿ ಮಾಡೋ ಪ್ಲಾನ್ ಹಾಕಿದಾರೆ, ಕಾಂಡ್ಲಾ ಇನ್ನೂ ಜಾಸ್ತಿ ನೆಡೋದೂ ಅದರಲ್ಲಿದೆ. ಹಾಗಾಗಿ ಯಾವ ಹೈಡ್ ತೆಗೆದಿದೆ, ಟೈಮ್ ಏನು ಅಂತ ಹೊರಡೋ ಹಿಂದಿನ ದಿನ ಮುನ್ಸಿಪಾಲಿಟಿ ಸೈಟಲ್ಲಿ ನೋಡಿ, ಹಳೆ ಬ್ಲಾಗಲ್ಲಿರೋ ಟೈಮಿಂಗ್ ನಂಬ್ಕೊಂಡು ಹೋಗ್ಬೇಡಿ. ಹೈಡಲ್ಲಿ ಟಾಯ್ಲೆಟ್ ಸಿಗುತ್ತೆ ಅಂತಾನೂ ನಂಬ್ಬೇಡಿ, ಅಮ್ಮಂಗೆ ಮನೆಯಿಂದ್ಲೇ ಮುಗಿಸ್ಕೊಂಡು ಬರೋಕೆ ಹೇಳಿ. ಕೂರೋಕೆ ಮಡಚೋ ಸ್ಟೂಲ್ ಒಂದು ತಗೊಂಡು ಹೋಗಿ. ಇಳಿತದ ಹೊತ್ತಲ್ಲಿ ಕೆಸರು ವಾಸನೆ ಬರುತ್ತೆ, ಗಲೀಜು ಅಂತಲ್ಲ, ಅಳಿವೆ ಕೆಸರಿನ ವಾಸನೆಯೇ ಹಾಗೆ, ನಮಗೆ ಅದು ಮನೆ ವಾಸನೆ, ಮಂಡ್ಯದೋರಿಗೆ ಹೆಂಗೋ ಗೊತ್ತಿಲ್ಲ.

ಆಮೇಲೆ ಅದೇ ದಿನ ಸಂಜೆ ಅಬ್ರಾ ಹತ್ಸಿ. ಒಂದು ದಿರಂ ಕೊಟ್ರೆ ದೇರಾಗೆ ದಾಟಿಸ್ತಾರೆ. ಬೆಳಿಗ್ಗೆ ಹಕ್ಕಿ ನಿಂತಿದ್ದ ನೀರೇ ಇದು ಅಂತ ಅಪ್ಪಂಗೆ ಹೇಳಿದ್ರೆ ಮ್ಯಾಪ್ ತೋರಿಸೋದೇ ಬೇಡ.

ಮದ್ದೂರ್_ಹೈಕ್ಳು:

ಸರಿ ಹಂಗಾದ್ರೆ. ವಾರದ ಮಧ್ಯೆ ರಜ ಹಾಕಿ ಬೆಳಿಗ್ಗೆ ರಾಸ್ ಅಲ್ ಖೋರ್, ಸಂಜೆ ಅಬ್ರಾ. ಜುಬೈಲ್ ಇನ್ನೊಂದು ದಿನ, ಅಲ್ ವತ್ಬಾ ಕ್ಯಾನ್ಸಲ್, ಅಮ್ಮ ನನ್ನ ಜೊತೆ ಮಾತು ಬಿಟ್ರೆ ಊಟಕ್ಕೆ ಕಷ್ಟ. ಮಾಣಿ ಅವ್ರೆ ಕ್ಷಮ್ಸಿ 😄 ಕಲ್ಬಾಗೆ ಆಸೆ ಇದೆ, ಆದ್ರೆ ಕಾರ್ ಬಾಡಿಗೆ ತಗೊಂಡು ಬೆಟ್ಟದ ರಸ್ತೇಲಿ ಓಡ್ಸೋ ಧೈರ್ಯ ಇನ್ನೂ ಇಲ್ಲ, ಲೈಸೆನ್ಸ್ ಬಂದು ಎರಡೇ ತಿಂಗ್ಳಾಗಿರೋದು.

ಹುಬ್ಳಿ_ಟು_ಶಾರ್ಜಾ:

ಝೂ ಅಂದಿದ್ದು ವಾಪಸ್ ತಗೋಳಂಗಿಲ್ಲ ನಾ, ಹುಣಸಿ ಗಿಡದ ಮಾತು ಮಾತ್ರ ಖರೇ ಐತಿ. ಕಲ್ಬಾಕ್ಕ ಕಾರ್ ಯಾಕ ಬಾಡಿಗಿ ತಗೋತೀರಿ, ನಾವು ತಿಂಗಳಿಗೊಮ್ಮೆ ಹೋಗೇ ಹೋಗ್ತೀವಿ, ಗಾಡ್ಯಾಗ ಜಾಗಾ ಐತಿ. ಅಪ್ಪಾರು ಬಂದ ಮ್ಯಾಲೆ ಮೆಸೇಜ್ ಹಾಕ್ರಿ. ಬುತ್ತಿ ನಮ್ಮ ಮನೀದು, ರೊಟ್ಟಿ, ಶೇಂಗಾ ಚಟ್ನಿ, ಬದನಿಕಾಯಿ ಪಲ್ಯಾ. ನೀವು ಬರೀ ಮೊಸರು ತಗೊಂಡ ಬರ್ರಿ ಸಾಕು.